ಹಣೆ ಒರೆಸಿದ ಕೈ

ಮಾಳಮಡ್ಡಿ, ಧಾರವಾಡ
ಕಾರ್ತಿಕ ಸೋಮವಾರ, ಮಧ್ಯಾಹ್ನ

ಹುಮಾ ಮಗಳೇ,

ಈ ಪತ್ರವನ್ನು ಹರಿದು ಹಾಕುವ ಮುಂಚೆ ಒಂದು ಪುಟವನ್ನಾದರೂ ಓದು. ಬರೆಯುತ್ತಿರುವವಳು ನಿನ್ನ ದಾಕ್ಷಾಯಿಣಿ ಆಂಟಿ. ಪ್ರತಿ ವರ್ಷ ದಸರಾ ರಜೆ ಮುಗಿದ ವಾರ ಹೆಗಲಿಗೆ ಕರಿಯ ಚೀಲ ಹಾಕಿಕೊಂಡು ನಿಮ್ಮ ಮನೆಗೆ ಬಂದು, ನಿನ್ನ ಹಣೆಯ ಮೇಲೆ, ಮೊಳಕೈಯ ಮಡಿಕೆಯಲ್ಲಿ ಹತ್ತಿ ಸುತ್ತಿದ ಕಡ್ಡಿ ಉಜ್ಜಿಕೊಂಡು ಹೋಗುತ್ತಿದ್ದವಳು. ಹೋದ ವಾರ ಮೂರನೇ ಸಲ ಬಂದಾಗಲೂ ನೀನು ಪರದೆ ಸರಿಸಿ ಹೊರಗೆ ಬರಲಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಮನೆಯ ಬಾಗಿಲನ್ನೂ ತೆಗೆಯಲು ಬಿಡುತ್ತಿರಲಿಲ್ಲ.

ನೀನು ಶಾಲೆ ಬಿಟ್ಟು ಎರಡು ತಿಂಗಳ ಮೇಲಾಯಿತು. ಗಳಿಗೆಗೊಮ್ಮೆ ನಲ್ಲಿಯ ಮುಂದೆ ಕೂತು ಮುಖ ತಿಕ್ಕುತ್ತೀಯಂತೆ. ನಿನ್ನ ಹಣೆಯ ಮೇಲೆ ಹೊಲಸು ಇದೆ ಎಂದು ನೀನು ನಂಬಿದ್ದೀ. ಹಾಗೆ ನಂಬಿಸಿದವಳು ನಾನು. ನನ್ನ ಕೈ ಒಂದು ತಪ್ಪು ಮಾಡಿತು, ಅದರ ಮೇಲೆ ನನ್ನ ಬಾಯಿ ಇನ್ನೊಂದು ಮಾಡಿತು. ಎರಡನ್ನೂ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಸುಮ್ಮನೆ ‘ನೀನು ಸ್ವಚ್ಛ ಇದ್ದೀ’ ಎಂದರೆ ನೀನು ನಂಬುವ ಹುಡುಗಿಯಲ್ಲ.

ನಾನು ನಿನ್ನನ್ನು ಮೊದಲು ನೋಡಿದಾಗ ನಿನಗೆ ಹನ್ನೊಂದು ದಿನ. ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿ, ನಿನ್ನ ಅಬ್ಬಾ ನಿಜಾಮುದ್ದೀನರ ಗ್ಯಾರೇಜಿನ ಮೇಲಿನ ಎರಡು ಕೋಣೆಯ ಮನೆ. ನಿನ್ನ ದಾದಿ, ಅಬ್ಬಾನ ತಾಯಿ ಶರೀಫಾಬಿ ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ಕಡ್ಡಿ ಹೊರಗೆ ತೆಗೆದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು. “ಇಷ್ಟ ಸಣ್ಣ ಕೂಸಿನ ಮೈಮ್ಯಾಲೆ ಏನ ಹುಡುಕ್ತೀರಿ ಅಕ್ಕಾರ?” ಎಂದರು. ನಾನು ಕಲಿತುಬಂದ ಪಾಠ ಒಪ್ಪಿಸಿದೆ. ಎಲ್ಲರ ಚರ್ಮದ ಮೇಲೂ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿರುತ್ತವೆ. ಕೂಸು ದೊಡ್ಡದಾಗುತ್ತ ಹೋದಂತೆ ಅವು ಹೇಗೆ ಬದಲಾಗುತ್ತವೆ ಎಂದು ನಮ್ಮ ಸಂಸ್ಥೆಯ ಡಾಕ್ಟರು ಹುಬ್ಬಳ್ಳಿಯ ಅರವತ್ತು ಮಕ್ಕಳನ್ನು ಹನ್ನೆರಡು ವರ್ಷ ನೋಡುತ್ತಾರೆ. ಅರ್ಧ ಮಕ್ಕಳು ಗೋಕುಲ ರಸ್ತೆಯ ಕಡೆಯವರು, ಅರ್ಧ ಬೈರಿದೇವರಕೊಪ್ಪದವರು. ಶರೀಫಾಬಿ ಎಲ್ಲ ಕೇಳಿಸಿಕೊಂಡು, “ಹನ್ನೆರಡು ವರ್ಷ ಬರ್ತೀರಂದ್ರ ನೀವೂ ನಮ್ಮ ಬೀಗರಾದ್ರಿ ಹಂಗಾದ್ರ” ಎಂದು ನಕ್ಕು, ನಿನ್ನ ತಲೆಯನ್ನು ನನ್ನ ಕಡೆ ತಿರುಗಿಸಿದರು.

ಆ ಮೊದಲ ಕಡ್ಡಿಯಲ್ಲಿ ಸಿಕ್ಕಿದ್ದು ಬಹಳಷ್ಟು ನಿನ್ನ ಅಮ್ಮಿಯ ಮೈಯಿಂದ ಬಂದದ್ದು. ಹುಟ್ಟಿದ ಕೂಸಿಗೆ ತನ್ನವು ಎನ್ನುವ ಜೀವಿಗಳೇ ಇರುವುದಿಲ್ಲ ಹುಮಾ. ಹೆತ್ತವಳಿಂದ, ಎತ್ತಿಕೊಂಡವರಿಂದ, ಮುದ್ದು ಕೊಟ್ಟವರಿಂದ ಒಂದೊಂದಾಗಿ ಬಂದು ಸೇರುತ್ತವೆ. ನೀನು ಅಂಬೆಗಾಲು ಇಡತೊಡಗಿದ ವರ್ಷ ನೆಲದ ಮೇಲಿನವೂ ಸೇರಿದವು. ನಾಲ್ಕನೆಯ ವರ್ಷಕ್ಕೆ ನೀನು ಗ್ಯಾರೇಜಿಗೆ ಇಳಿದು ಬಿಚ್ಚಿದ ನಟ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದೆ, ಪಕ್ಕದ ಮನೆಯ ಆಡಿನ ಮರಿಯನ್ನು ತಬ್ಬಿಕೊಂಡು ಮಲಗುತ್ತಿದ್ದೆ. ಆ ವರ್ಷ ನಿನ್ನ ಮೊಳಕೈಯಿಂದ ತೆಗೆದ ಕಡ್ಡಿಯಲ್ಲಿ ಎಷ್ಟು ಬಗೆಯವು ಸಿಕ್ಕಿದ್ದವು ಎಂದರೆ ಡಾಕ್ಟರ್ ನಾಗರತ್ನಾ ಅವರು, “ಈ ಹುಡುಗಿ ಛಂದ ಆಡಿ ಬೆಳಿಯಾಕತ್ತಾಳ” ಎಂದು ನನ್ನ ಮುಂದೆ ಹೇಳಿದರು. ಮೆಚ್ಚಿಯೇ ಹೇಳಿದರು. ಆ ಮಾತನ್ನು ಆಗಲೇ ನಿಮ್ಮ ಮನೆಗೆ ತಂದು ಮುಟ್ಟಿಸಬೇಕಾಗಿತ್ತು.

ಹತ್ತು ಹನ್ನೊಂದಾದ ಮೇಲೆ ಲೆಕ್ಕ ಮತ್ತೆ ಬದಲಾಗುತ್ತದೆ. ಹಣೆ, ಮೂಗಿನ ಚರ್ಮದ ಕೆಳಗೆ ಎಣ್ಣೆಯ ಸಣ್ಣ ಚೀಲಗಳು ಎಚ್ಚರಾಗುತ್ತವೆ. ಹಣೆ ಜಿಡ್ಡಾಗುತ್ತದೆ, ಒಂದೆರಡು ಗುಳ್ಳೆ ಏಳುತ್ತವೆ. ಎಣ್ಣೆಯನ್ನೇ ಉಂಡು ಬದುಕುವ ಜೀವಿಗಳು ಹೆಚ್ಚಾಗಿ, ಬಾಲ್ಯದವು ಮೆಲ್ಲಗೆ ಹಿಂದೆ ಸರಿಯುತ್ತವೆ. ನಿನಗೂ ಹೀಗೆಯೇ ಆಯಿತು, ನನಗೂ ನನ್ನ ಹನ್ನೆರಡನೆಯ ವರ್ಷಕ್ಕೆ ಹೀಗೆಯೇ ಆಗಿತ್ತು. ಬೆಳೆಯುವ ಮಕ್ಕಳೆಲ್ಲರಿಗೂ ಆಗುವುದು ಇದೇ.

ಇನ್ನು ನನ್ನ ಕೈಯ ಸಂಗತಿ. ನಮ್ಮ ಕೆಲಸದಲ್ಲಿ ಒಂದು ನೇಮವಿದೆ, ನಿನಗೂ ಗೊತ್ತು. ನಾನು ಬರುವ ಹಿಂದಿನ ಸಂಜೆಯಿಂದ ಮಗುವಿಗೆ ಜಳಕ ಮಾಡಿಸಬಾರದು, ಮುಖ ಒರೆಸಬಾರದು, ಏನನ್ನೂ ಹಚ್ಚಬಾರದು. ಹಚ್ಚಿದ್ದರೆ ಅದನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಿನ್ನ ದಾದಿ ಒಂದನ್ನೂ ಮುಚ್ಚಿಡುತ್ತಿರಲಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದು, ಕಣ್ಣಿಗೆ ಸುರ್ಮಾ ಇಟ್ಟದ್ದು, ಹಬ್ಬದ ಮರುದಿನ ಕಿವಿಯ ಹಿಂದೆ ಅತ್ತರಿನ ಹತ್ತಿ ಇದ್ದದ್ದು, ಎಲ್ಲ ಹೇಳುತ್ತಿದ್ದರು. ನಾನು ಒಂದಕ್ಷರ ಬಿಡದೆ ಬರೆಯುತ್ತಿದ್ದೆ. ನಿಮ್ಮ ಮನೆಯಲ್ಲಿ ನನ್ನ ಕಣ್ಣು ಬಹಳ ಚುರುಕು.

ಬೈರಿದೇವರಕೊಪ್ಪದಲ್ಲಿ ಗೌರಕ್ಕನವರ ಮನೆ ಇದೆ. ಅವರ ಮೊಮ್ಮಗ ಅಂಬರೀಷ ನಿನ್ನ ತರಗತಿಯವನೇ. ನಾನು ಹೋಗುವ ದಿನ ಅವರೂ ಜಳಕ ಮಾಡಿಸುತ್ತಿರಲಿಲ್ಲ. ಆದರೆ ಹಣೆಗೆ ಮೂರು ಬೆರಳ ವಿಭೂತಿ ಮಾತ್ರ ತಪ್ಪುತ್ತಿರಲಿಲ್ಲ. “ಜಳಕಾ ಬಿಟ್ಟೇವ್ರಿ, ಬರೇ ಹಣೀಲೆ ಹೆಂಗ ಕೂಡಸೂದು?” ಎನ್ನುತ್ತಿದ್ದರು ಗೌರಕ್ಕ. ನನಗೆ ಅದು ತಪ್ಪು ಎಂದು ಅನಿಸಲೇ ಇಲ್ಲ. ನಮ್ಮ ಮನೆಯಲ್ಲೂ ಹಾಗೆಯೇ. ನನ್ನ ಹಣೆಯ ಮೇಲೂ ಅದು ಇತ್ತು. ಆದರೆ ಒಂದು ತೊಡಕಿತ್ತು. ವಿಭೂತಿ ಹತ್ತಿದ ಕಡ್ಡಿ ಕಡೆಗೆ ಪ್ರಯೋಗಾಲಯದ ಕಸದ ಬುಟ್ಟಿಗೆ ಹೋಗುತ್ತದೆ. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹೀಗಾಗಿ ನಾನು ಕರವಸ್ತ್ರದ ತುದಿ ಒದ್ದೆ ಮಾಡಿ, ಮಗುವಿನ ಹಣೆಯನ್ನು ಚೆನ್ನಾಗಿ ಒರೆಸಿ, ಆ ತುದಿಯನ್ನು ಭಕ್ತಿಯಿಂದ ನನ್ನ ಹಣೆಗೆ ಒತ್ತಿಕೊಂಡು, ಆಮೇಲೆ ಕಡ್ಡಿ ಹಚ್ಚುತ್ತಿದ್ದೆ. ಹಾಳೆಯಲ್ಲಿ ‘ಏನೂ ಹಚ್ಚಿಲ್ಲ, ಒರೆಸಿಲ್ಲ’ ಎಂದು ಬರೆಯುತ್ತಿದ್ದೆ. ಅಲ್ಲಿಯ ಮೂವತ್ತೂ ಮನೆಗಳಲ್ಲಿ ಹೀಗೆಯೇ, ಹನ್ನೆರಡು ವರ್ಷ.

ಈಗ ನೀನೇ ಯೋಚಿಸು, ನೀನು ಜಾಣೆ. ಒರೆಸಿದ ಹಣೆಯ ಮೇಲೆ ಕಡ್ಡಿ ಉಜ್ಜಿದರೆ ಏನು ಸಿಗುತ್ತದೆ? ಅರ್ಧಕ್ಕರ್ಧ ನನ್ನ ಕರವಸ್ತ್ರಕ್ಕೇ ಹೋಗಿರುತ್ತಿತ್ತು. ನಿನ್ನ ಹಣೆಯನ್ನು ಒರೆಸುವ ಪ್ರಸಂಗವೇ ಬರಲಿಲ್ಲ, ಹಾಗಾಗಿ ಇದ್ದದ್ದೆಲ್ಲ ಕಡ್ಡಿಗೆ ಬಂತು. ನಿನ್ನದು ಖರೇ ಲೆಕ್ಕ, ಅವರದು ನಾನು ಒರೆಸಿ ಉಳಿದ ಲೆಕ್ಕ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಹನ್ನೆರಡು ವರ್ಷ ಬೇಕಾಯಿತು.

ತಿಳಿಯುವ ಮುಂಚೆ ಬಾಯಿ ಬೇರೆ ಬಿಟ್ಟೆ. ನನ್ನ ಬಾಯಿ ದೊಡ್ಡದು, ಮಾಳಮಡ್ಡಿಯಲ್ಲಿ ಯಾರನ್ನು ಬೇಕಾದರೂ ಕೇಳು. ಶ್ರಾವಣದಲ್ಲಿ ನಿಮ್ಮ ಶಾಲೆಯ ಸಭಾಂಗಣದಲ್ಲಿ ಪಾಲಕರ ಸಭೆ ಕರೆದಿದ್ದೆವು. ನಾಗರತ್ನಾ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿ, ಅರ್ಥವಾಗುವಂತೆ ಹೇಳು ಎಂದು ಮೈಕು ನನ್ನ ಕೈಗೆ ಕೊಟ್ಟರು. ಯಾರ ಲೆಕ್ಕ ಎಷ್ಟು ಎಂದು ಬಾಯಿ ಬಿಡಬಾರದು ಎಂದು ಮೊದಲೇ ತಾಕೀತು ಮಾಡಿದ್ದರು. ನಾನು ಜೀವಿಗಳನ್ನು ‘ಹುಳ’ ಎಂದೆ, ಜನಕ್ಕೆ ಲಗೂನ ತಿಳಿಯಲಿ ಎಂದು. ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ನನಗೆ ಹುರುಪು ಬಂತು. ಆಗ ಅಂಬರೀಷನ ತಾಯಿ ವಿಶಾಲ ಎದ್ದು ನಿಂತು, “ಯಾರ ಮಕ್ಕಳ ಹಣಿ ಮ್ಯಾಲೆ ಜಾಸ್ತಿ ಅದಾವ್ರಿ?” ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ನಾನು, “ಗೋಕುಲ ರಸ್ತಾದ ಕಡಿ ಮಕ್ಕಳಿಗೆ ಜಾಸ್ತಿ ಅದಾವ್ರಿ, ಬೈರಿದೇವರಕೊಪ್ಪದ ಮಕ್ಕಳಿಗೆ ಕಡಿಮಿ” ಎಂದುಬಿಟ್ಟೆ.

ಗೋಕುಲ ರಸ್ತೆಯ ಮಕ್ಕಳು ಎಂದರೆ ಯಾರ ಮಕ್ಕಳು ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಇಡೀ ಸಭೆ ತಿರುಗಿ ನಿನ್ನ ಅಮ್ಮಿ ಯಾಸ್ಮಿನ್ ಕೂತಿದ್ದ ಸಾಲಿನ ಕಡೆ ನೋಡಿತು. ನೀನು ಅವರ ಪಕ್ಕದಲ್ಲೇ ಇದ್ದೆ. ಅಮ್ಮಿ ನಿನ್ನ ಹಣೆಯ ಮೇಲಿನ ಕೂದಲು ಸರಿಮಾಡುವವರ ಹಾಗೆ ಕೈ ಅಡ್ಡ ಹಿಡಿದದ್ದನ್ನು ನಾನು ವೇದಿಕೆಯಿಂದ ನೋಡಿದೆ. ನೋಡಿಯೂ ಮುಂದಿನ ಚಿತ್ರ ವಿವರಿಸತೊಡಗಿದೆ. ಸಭೆ ಮುಗಿದ ಮೇಲೆ ಮೇಡಂ ನನ್ನನ್ನು ಬೈದರು. ಎರಡು ದಿನದಲ್ಲಿ ಜನ ಮರೆಯುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಜನ ಮರೆಯಲಿಲ್ಲ. ಶಾಲೆಯಲ್ಲಿ ನಿನಗೆ ಏನೇನಾಯಿತು ಎನ್ನುವುದನ್ನು ಆಮೇಲೆ ನಿನ್ನ ಅಮ್ಮಿಯಿಂದ ಕೇಳಿದೆ. ವಿಶಾಲ ತರಗತಿಯ ಟೀಚರಿಗೆ ಹೇಳಿ ಮಗನ ಜಾಗ ಬದಲಿಸಿದ್ದು, ಊಟದ ಹೊತ್ತಿಗೆ ನಿನ್ನ ಡಬ್ಬಿಗೆ ಯಾರೂ ಕೈ ಹಾಕದೆ ಇದ್ದದ್ದು, ನಿನ್ನ ಗುಳ್ಳೆ ತೋರಿಸಿ ‘ಹುಳ ಹೊರಗ ಬರಾಕತ್ತಾವ’ ಎಂದು ನಕ್ಕದ್ದು. ನೀನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗ್ಯಾರೇಜಿಗೆ ಇಳಿದು, ಅಬ್ಬಾ ಕೈಗೆ ಹತ್ತಿದ ಗ್ರೀಸು ತೆಗೆಯಲು ಬಟ್ಟೆ ತೊಳೆಯುವ ಪುಡಿಗೆ ಕಟ್ಟಿಗೆಯ ಹೊಟ್ಟು ಬೆರೆಸಿ ಇಟ್ಟಿದ್ದ ಡಬ್ಬಿಯಿಂದ ಮುಷ್ಟಿ ತುಂಬ ತೆಗೆದುಕೊಂಡು ಹಣೆಗೆ ತಿಕ್ಕಿಕೊಂಡೆ. ಒಂದು ದಿನವಲ್ಲ, ಹಲವು ದಿನ. ಇಂಜಿನ್ನಿನ ಜಿಡ್ಡು ಹೋಗುವುದಾದರೆ ಇದೂ ಹೋದೀತು ಎಂದು ಲೆಕ್ಕ ಹಾಕಿರಬೇಕು.

ದಸರೆಯಾದ ಮೇಲೆ ನಾನು ಕಡೆಯ ಸಲ ಕಡ್ಡಿಯ ಚೀಲ ಹಿಡಿದು ಬಂದೆ. ನಿನ್ನ ಹಣೆಯನ್ನು ಆಗ ನೋಡಿದೆ. ಚರ್ಮ ಕಿತ್ತು ಕೀವು ತುಂಬಿತ್ತು, ಮೇಲೆ ಮುಲಾಮು ಸವರಿದ್ದರು. ನಿನ್ನ ದಾದಿ ಆವತ್ತೂ, “ಬರ್ರಿ ಅಕ್ಕಾರ, ಕುಂದರ್ರಿ” ಎಂದೇ ಅಂದರು. ಬೈದಿದ್ದರೆ ಚೆನ್ನಾಗಿತ್ತು. ನೀನು ಬಂದು ನನ್ನ ಮುಂದೆ ಕೂತು, ಹಣೆಯನ್ನು ಮುಂದೆ ಚಾಚಿ ಹೇಳಿದ್ದು ನೆನಪಿದೆಯೇ? “ಈಗ ನೋಡ್ರಿ ಆಂಟಿ, ಭಾಳ ತಿಕ್ಕೇನಿ. ಈಗ ಕಡಿಮಿ ಆಗಿರಬೇಕು.” ಗಾಯದ ಮೇಲೆ ಕಡ್ಡಿ ಹಚ್ಚುವಂತಿಲ್ಲ. ಇವತ್ತು ಬೇಡ ಎಂದೆ. ನಿನ್ನ ಮುಖ ಸಣ್ಣಗಾಯಿತು. “ನಿಮ್ಮ ಪಟ್ಟ್ಯಾಗಿಂದ ನನ್ನ ಹೆಸರ ತಗದ್ರೇನು?” ಎಂದು ನೀನು ಕೇಳಿದೆ. ನಾನು ಚಹಾದ ಬಟ್ಟಲು ಕೈಯಲ್ಲಿ ಹಿಡಿದುಕೊಂಡು ಅತ್ತೆ, ಹುಮಾ. ನಿನಗೆ ಕಾಣಬಾರದೆಂದು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ಬಗ್ಗಿದ್ದೆ.

ಆ ಕೀವು ಯಾಕಾಯಿತು ಎಂದು ನಾಗರತ್ನಾ ಮೇಡಂರನ್ನು ಕೇಳಿದೆ. ಹಣೆಯ ಮೇಲೆ ಮೊದಲಿನಿಂದ ಇರುವ ಜೀವಿಗಳು ಪರವೂರಿನ ಕೆಟ್ಟವುಗಳಿಗೆ ಜಾಗ ಕೊಡದೆ ಕಾವಲು ಕಾಯುತ್ತಿರುತ್ತವೆ. ನೀನು ಕಾವಲಿನವರನ್ನು ಓಡಿಸಿ, ಚರ್ಮವನ್ನೂ ಸುಲಿದೆ. ಕೆಟ್ಟವು ಸಲೀಸಾಗಿ ಒಳಗೆ ಬಂದವು. ಅಂದರೆ ನಿನಗೆ ರೋಗ ತಂದದ್ದು ಹಣೆಯ ಮೇಲೆ ಇದ್ದವುಗಳಲ್ಲ, ಅವುಗಳನ್ನು ತಿಕ್ಕಿ ತೆಗೆದದ್ದು.

ಎರಡು ದಿನ ಬಿಟ್ಟು ಗೌರಕ್ಕನವರ ಮನೆಯಲ್ಲಿ ಕೂತಿದ್ದೆ. ಅಂಬರೀಷನ ಹಣೆಯ ಮೇಲೂ ಗುಳ್ಳೆ ಎದ್ದಿದ್ದವು, ನಿನಗಿಂತ ಹೆಚ್ಚೇ. ಹಣೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಇವನಿಗೆ ಕಡಿಮೆ, ಆಕೆಗೆ ಹೆಚ್ಚು, ಇದು ಹೇಗೆ ಎಂದು ಯೋಚಿಸುತ್ತಲೇ ರೂಢಿಯಂತೆ ಕರವಸ್ತ್ರ ಒದ್ದೆ ಮಾಡಿ ಒರೆಸಿದೆ, ತುದಿಯನ್ನು ನನ್ನ ಹಣೆಗೆ ಒತ್ತಿಕೊಂಡೆ. ಕೈ ಅಲ್ಲೇ ನಿಂತಿತು. ಕರವಸ್ತ್ರ ಬಿಚ್ಚಿ ನೋಡಿದೆ. ಬೂದಿ, ಜಿಡ್ಡು, ಮಣ್ಣು, ಎಲ್ಲ ಅದರಲ್ಲೇ ಇತ್ತು. “ಯಾಕವ್ವಾ, ಮೈಯಾಗ ಆರಾಮ ಇಲ್ಲೇನು?” ಎಂದು ಗೌರಕ್ಕ ಕೇಳಿದರು. ನಾನು ಏನೂ ಇಲ್ಲ ಎಂದೆ, ಹಾಳೆಯ ಮೇಲೂ ‘ಏನೂ ಇಲ್ಲ’ ಎಂದೇ ಬರೆದೆ. ಗೊತ್ತಾದ ಮೇಲೂ ಬರೆದೆ. ಅಂಜಿಕೆ.

ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಸಭೆಯಲ್ಲಿ ತಡೆಯಿಲ್ಲದೆ ಆಡಿದ ಬಾಯಿಗೆ ಇದನ್ನು ಹೇಳಲು ಆಗಲಿಲ್ಲ. ಆ ನಾಲ್ಕು ದಿನವೂ ನೀನು ಮುಖ ತಿಕ್ಕುತ್ತಿದ್ದೆ ಎನ್ನುವುದು ನನಗೆ ಗೊತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಈ ಪತ್ರವೂ ಆ ಹಾಳೆಗಳ ಹಾಗೆ ಸುಳ್ಳಾಗುತ್ತದೆ.

ಐದನೆಯ ದಿನ ಮೇಡಂ ಮುಂದೆ ನಿಂತು ಎಲ್ಲ ಒದರಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೈ ಲೆಕ್ಕದಾಗ ಅರವತ್ತೂ ಮಕ್ಕಳು ಸರಿಸಮ ಅದಾರ. ಹಣಿ ಒಂದರಾಗ ಯಾಕ ಫರಕು ಅಂತ ವರ್ಷಗಟ್ಟಲೆ ತಲಿ ಕೆಡಿಸಿಕೊಂಡೇನಿ. ಅದು ನಿನ್ನ ಕರವಸ್ತ್ರದಾಗ ಇತ್ತು ನೋಡು” ಎಂದರು. ಮೊಳಕೈಯನ್ನು ನಾನು ಯಾರದನ್ನೂ ಒರೆಸಿರಲಿಲ್ಲ ಹುಮಾ. ಅಲ್ಲಿ ನಿನಗೂ ಅಂಬರೀಷನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಹಾಳೆಯನ್ನು ಮೇಡಂ ಸಹಿ ಮಾಡಿ ಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ, ನೀನೇ ತಾಳೆ ನೋಡು. ನನ್ನನ್ನು ಮನೆ ಮನೆಗೆ ಹೋಗುವ ಕೆಲಸದಿಂದ ತೆಗೆದರು. ಈಗ ಒಳಗೆ ಕೂತು ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇನೆ.

ಹತ್ತು ದಿನದ ಹಿಂದೆ ಅದೇ ಸಭಾಂಗಣದಲ್ಲಿ ಮತ್ತೆ ಪಾಲಕರನ್ನು ಕರೆದೆವು. ಶ್ರಾವಣದಲ್ಲಿ ಕೂಡಲು ಜಾಗ ಇರಲಿಲ್ಲ, ಈ ಸಲ ಹದಿನೇಳು ಜನ ಬಂದಿದ್ದರು. ನಾನು ಕರವಸ್ತ್ರದ ಸಂಗತಿ ಹೇಳಿ, ತಪ್ಪು ನನ್ನದು ಎಂದೆ. ವಿಶಾಲ ನಂಬಲಿಲ್ಲ. “ಅಂದ್ರ ನಮ್ಮ ಅಂಬರೀಷನ ಹಣಿ ಮ್ಯಾಲೂ ಅಷ್ಟ ಅದಾವಂತೀರೇನು?” ಎಂದರು. “ಅಷ್ಟ ಅದಾವ್ರಿ. ನಿಮ್ಮ ಹಣಿ ಮ್ಯಾಲೂ ಅದಾವು, ನನ್ನ ಹಣಿ ಮ್ಯಾಲೂ ಅದಾವು” ಎಂದೆ. ಅವರು ಸೆರಗು ಝಾಡಿಸಿ ಎದ್ದು ಹೋದರು. ಗೌರಕ್ಕ ಮಾತ್ರ ಕೂತೇ ಇದ್ದರು. ಕಡೆಗೆ ನನ್ನ ಹತ್ತಿರ ಬಂದು, “ನೀ ಒರಸಿದ್ದಕ್ಕ ನನಗ ಬ್ಯಾಸರ ಇಲ್ಲವ್ವಾ. ಆ ಹುಡಿಗೀಗೆ ಹಂಗ ಅನಬಾರದಿತ್ತು” ಎಂದು ಹೇಳಿ ಹೋದರು. ಎಲ್ಲರೂ ನಾಳೆಯಿಂದ ನಿನ್ನ ಡಬ್ಬಿಯಲ್ಲಿ ಕೈ ಹಾಕುತ್ತಾರೆ ಎಂದು ನಾನು ಹೇಳಲಾರೆ. ಕೆಲವರು ಹಾಕುತ್ತಾರೆ, ಕೆಲವರು ಹಾಕಲಿಕ್ಕಿಲ್ಲ.

ಅದಕ್ಕೂ ಮುಂಚೆ ಎರಡು ಸಲ ಬಂದು ನೀನು ಕಾಣದೆ ಮರಳಿದ್ದೆ, ಇಷ್ಟಾದ ಮೇಲೆ ಮೂರನೇ ಸಲ ನಿಮ್ಮ ಮನೆಗೆ ಬಂದೆ. ಸಭೆಯಲ್ಲಿ ಎಲ್ಲ ಹೇಳಿದೆ ಎಂದು ನಿನ್ನ ಅಮ್ಮಿಯ ಮುಂದೆ ಒಪ್ಪಿಸಿದೆ, ಸ್ವಲ್ಪ ಹಗುರಾದವಳ ಹಾಗೆ. ಅವರು ನನ್ನ ಮುಖ ನೋಡದೆ ಹೇಳಿದರು: “ಸಭಾದಾಗ ಹೇಳಿದ್ರಿ, ಛಲೋ ಆತು. ಸಭಾದಾಗ ಕುಂತವರು ಯಾರೂ ಹಣಿ ತಿಕ್ಕೊಳ್ಳಾಕತ್ತಿಲ್ಲ. ತಿಕ್ಕೊಳ್ಳಾಕತ್ತಾಕಿ ಒಳಗದಾಳ. ಅಕೀಗೆ ಹೇಳ್ರಿ.” ನಾನು ಪರದೆಯ ಮುಂದೆ ನಿಂತು ಎಲ್ಲ ಹೇಳಿದೆ. ನಿನ್ನ ಕಾಲಿನ ಬೆರಳು ಮಾತ್ರ ಕಾಣುತ್ತಿದ್ದವು. ಕಡೆಗೆ ನೀನು ಒಂದೇ ಒಂದು ಮಾತು ಕೇಳಿದೆ. “ಹಂಗಾದ್ರ ನಾ ಇಷ್ಟ ದಿನ ತೊಳದದ್ದು ಏನನ್ನ, ಆಂಟಿ?”

ಹೋಗಿಬರ್ತೀನಿ ಎಂದು ಕೂಡ ಹೇಳದೆ ಮೆಟ್ಟಿಲು ಇಳಿದು ಬಂದೆ. ಬಸ್ಸಿನಲ್ಲಿ ಧಾರವಾಡ ಮುಟ್ಟುವ ತನಕ, ಆಮೇಲೆ ಈ ಇಡೀ ವಾರ, ಚೀಟಿ ಅಂಟಿಸುವಾಗಲೂ ರೊಟ್ಟಿ ಬಡಿಯುವಾಗಲೂ ಅದೇ ಪ್ರಶ್ನೆ. ಉತ್ತರ ಕೊಡಲೆಂದೇ ಈ ಪತ್ರ ಬರೆಯಲು ಕೂತೆ.

ನೀನು ತೊಳೆದದ್ದು ನನ್ನ ಮಾತನ್ನು, ಹುಮಾ. ನಿನ್ನ ಹಣೆಯ ಮೇಲೆ ಹೊಲಸು ಎಂದು ಇದ್ದದ್ದು ಅದೊಂದೇ, ಮತ್ತು ಅದು ನಿನ್ನದಲ್ಲ. ಅದನ್ನು ಅಲ್ಲಿ ಹಚ್ಚಿದವಳು ನಾನು. ತೊಳೆಯಬೇಕಾದವಳೂ ನಾನು, ಯಾರ ಯಾರ ಕಿವಿಗೆ ಅದು ಹೋಗಿದೆಯೋ ಅವರೆಲ್ಲರ ಮನೆಯ ಬಾಗಿಲಿಗೆ ಹೋಗಿ, ಎಷ್ಟು ವರ್ಷ ಹಿಡಿದರೂ. ಅದು ನನ್ನ ಕೆಲಸ, ನಿನ್ನದಲ್ಲ. ನೀನು ನಲ್ಲಿ ಬಂದ್ ಮಾಡು, ಮಗಳೇ.

ನಿನ್ನ ಗಾಯ ಕಲೆಯಿಲ್ಲದೆ ಮಾಯಲಿ, ನೂರು ವರ್ಷ ಬಾಳು.

ಕ್ಷಮಿಸು ಎನ್ನುವ ಧೈರ್ಯ ಇನ್ನೂ ಬಾರದ,
ದಾಕ್ಷಾಯಿಣಿ ಆಂಟಿ